ವೆಂಟಿಲೇಟರ್ ಪಕ್ಕದಲ್ಲಿ ನಿಂತವರು



ಎಲ್ಲಾದರೂ ಹೊಸ ಐಸಿಯು ಉದ್ಘಾಟನೆಯಾದರೆ ಮರುದಿನದ ಪತ್ರಿಕೆಯಲ್ಲಿ ಎರಡು ಲೆಕ್ಕ ತಪ್ಪದೆ ಬರುತ್ತವೆ. ಎಷ್ಟು ಹಾಸಿಗೆ, ಎಷ್ಟು ವೆಂಟಿಲೇಟರ್. ಆ ವೆಂಟಿಲೇಟರುಗಳ ಪಕ್ಕದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನಿಲ್ಲುವ ನರ್ಸುಗಳು ಎಷ್ಟು ಜನ ಎಂಬ ಮೂರನೆಯ ಲೆಕ್ಕ ಕಾಣಿಸುವುದು ಅಪರೂಪ. ಐಸಿಯುನಲ್ಲಿ ಕೆಲಸ ಮಾಡಿ, ಈಗ ಆ ಕೆಲಸವನ್ನೇ ಹುಡುಗ ಹುಡುಗಿಯರಿಗೆ ಕಲಿಸುತ್ತಿರುವ ನಾನು ಇವತ್ತು ಆ ಮೂರನೆಯ ಲೆಕ್ಕವನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೈಸೂರಿನವರಿಗೆ ಆಸ್ಪತ್ರೆ ಹೊಸದಲ್ಲ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ ಶುರುವಾದದ್ದು 1906ರಲ್ಲಿ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ಮೆಡಿಕಲ್ ಕಾಲೇಜು 1930ರಲ್ಲಿ ಇಲ್ಲಿಗೆ ಬಂತು. ನಾವೆಲ್ಲ 'ದೊಡ್ಡಾಸ್ಪತ್ರೆ' ಎನ್ನುವ ಕೃಷ್ಣರಾಜೇಂದ್ರ ಆಸ್ಪತ್ರೆ ಅದಕ್ಕೆ ಸೇರಿದ್ದು. ಮುಂದೆ ಜೆಎಸ್‌ಎಸ್ ಆಸ್ಪತ್ರೆ ಬಂತು, ಕೆಆರ್‌ಎಸ್ ರಸ್ತೆಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಬಂತು, ಖಾಸಗಿ ಆಸ್ಪತ್ರೆಗಳು ಸಾಲುಸಾಲಾಗಿ ಬಂದವು. ಮಂಡ್ಯ, ಚಾಮರಾಜನಗರ, ಕೊಡಗಿನಿಂದ ಹಿಡಿದು ಗಡಿಯಾಚೆಯ ವಯನಾಡಿನವರೆಗೆ, ಅಲ್ಲಿನ ವೈದ್ಯರು 'ಇನ್ನು ನಮ್ಮ ಕೈಲಾಗದು' ಎಂದ ರೋಗಿಯನ್ನು ಹತ್ತಿಸಿಕೊಂಡ ಆಂಬುಲೆನ್ಸ್ ಬರುವುದು ಮೈಸೂರಿಗೆ. ಆದ್ದರಿಂದಲೇ ಇಲ್ಲಿನ ಐಸಿಯುಗೆ ಬರುವ ರೋಗಿ ಸಾಮಾನ್ಯವಾಗಿ ಒಂದೇ ತೊಂದರೆ ಹೊತ್ತು ಬರುವುದಿಲ್ಲ. ಹಾವು ಕಚ್ಚಿದವರಿಗೆ ಕಿಡ್ನಿಯೂ ಕೈಕೊಟ್ಟಿರುತ್ತದೆ. ಅಪಘಾತದಲ್ಲಿ ತಲೆಗೆ ಪೆಟ್ಟಾದವರಿಗೆ ಸಕ್ಕರೆ ಕಾಯಿಲೆಯೂ ಇರುತ್ತದೆ. ನಂಜೇರಿದ ಬಾಣಂತಿಯ ರಕ್ತದೊತ್ತಡ ಇಳಿಯುತ್ತಿರುತ್ತದೆ.

ಈ ನಗರದ ಐಸಿಯುಗಳೆಲ್ಲ ಒಟ್ಟಿಗೆ ಪರೀಕ್ಷೆಗೆ ಒಳಗಾದ ದಿನವೊಂದಿದೆ. 2018ರ ಡಿಸೆಂಬರ್ 14, ಶುಕ್ರವಾರ. ಚಾಮರಾಜನಗರ ಜಿಲ್ಲೆಯ ಹನೂರು ಕಡೆಯ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಗೋಪುರಕ್ಕೆ ಶಂಕುಸ್ಥಾಪನೆ ನಡೆಯಿತು. ಪೂಜೆ ಮುಗಿದು ಪ್ರಸಾದ ಹಂಚಿದರು. ತಿಂದವರು ವಾಂತಿ ಮಾಡಿಕೊಂಡು, ಬಾಯಲ್ಲಿ ನೊರೆ ಬಂದು ಬೀಳತೊಡಗಿದರು. ಪ್ರಸಾದಕ್ಕೆ ಬೆರೆತಿದ್ದದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. 17 ಜನ ತೀರಿಕೊಂಡರು. ನೂರು ಕಿಲೋಮೀಟರಿಗೂ ಮೀರಿದ ದಾರಿಯಲ್ಲಿ ಆಂಬುಲೆನ್ಸುಗಳು ಒಂದರ ಹಿಂದೊಂದು ಮೈಸೂರಿಗೆ ಬಂದವು. ಅಷ್ಟು ಜನರಿಗೆ ಒಂದೇ ಕಡೆ ವೆಂಟಿಲೇಟರ್ ಸಿಗುವ ಮಾತೇ ಇರಲಿಲ್ಲ. ಕೆ.ಆರ್. ಆಸ್ಪತ್ರೆ ಮತ್ತು ನಗರದ ಹಲವು ಖಾಸಗಿ ಆಸ್ಪತ್ರೆಗಳಿಗೆ ರೋಗಿಗಳನ್ನು ಹಂಚಿ ಚಿಕಿತ್ಸೆ ನಡೆಸಿದರು.

ಆ ವಿಷಪ್ರಸಾದದ ಸುದ್ದಿಯನ್ನು ನೀವು ಕೇಳಿರಬಹುದು. ಇಂಥ ವಿಷ ಸೇವಿಸಿದವರ ಹಾಸಿಗೆಯ ಪಕ್ಕದಲ್ಲಿ ಏನು ನಡೆಯುತ್ತದೆ ಎಂಬುದು ಮಾತ್ರ ಗೊತ್ತಿರಲಾರದು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ನರಗಳು ಸ್ನಾಯುಗಳಿಗೂ ಗ್ರಂಥಿಗಳಿಗೂ ಸಂದೇಶ ಕೊಡುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಕೆಲಸ ಮುಗಿದೊಡನೆ ಅದನ್ನು ಒಡೆದು ಹಾಕಲು ದೇಹದಲ್ಲೇ ಒಂದು ಕಿಣ್ವವಿದೆ. ಈ ಜಾತಿಯ ಕೀಟನಾಶಕ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ತಿರುಗಿಸಿದ ನಲ್ಲಿಯನ್ನು ಮತ್ತೆ ಮುಚ್ಚಲಾಗದ ಮನೆಯಂತಾಗುತ್ತದೆ ದೇಹ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಎದೆಯಲ್ಲಿ ಕಫ, ಭೇದಿ, ಬೆವರು ಎಲ್ಲವೂ ಒಟ್ಟಿಗೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುತ್ತದೆ. ನಾಡಿ ನಿಧಾನವಾಗುತ್ತದೆ. ರೋಗಿ ತನ್ನದೇ ಕಫದಲ್ಲಿ ಉಸಿರುಗಟ್ಟುತ್ತಾನೆ.

ನರ್ಸಿನ ಮೊದಲ ಕೆಲಸಗಳಲ್ಲೊಂದು ಬಟ್ಟೆ ಬಿಚ್ಚಿಸಿ ಮೈ, ಕೂದಲು ಸೋಪು ಹಾಕಿ ತೊಳೆಯುವುದು. ಈ ವಿಷ ಚರ್ಮದಿಂದಲೂ ಒಳಗಿಳಿಯುತ್ತದೆ. ವಾಂತಿಯಾದ ಅಂಗಿಯನ್ನು ಹಾಗೇ ಬಿಟ್ಟರೆ ಚಿಕಿತ್ಸೆ ಒಂದು ಕಡೆ, ವಿಷ ಇನ್ನೊಂದು ಕಡೆ. ತೊಳೆಯುವವರೂ ಗ್ಲೌಸ್, ಏಪ್ರನ್ ಇಲ್ಲದೆ ಮುಟ್ಟುವಂತಿಲ್ಲ. ಅದರ ಜೊತೆಗೇ ಅಟ್ರೋಪಿನ್. ವೈದ್ಯರು ಬರೆದುಕೊಡುವ ಈ ಔಷಧದಲ್ಲಿ ಎಲ್ಲರಿಗೂ ಹೊಂದುವ ಒಂದೇ ಅಳತೆಯಿಲ್ಲ. ಐದೈದು ನಿಮಿಷಕ್ಕೆ ಪ್ರಮಾಣವನ್ನು ಇಮ್ಮಡಿಸುತ್ತ ಹೋಗಿ ಎದೆಯ ಗೊರಗೊರ ಸದ್ದು ನಿಂತು, ನಾಡಿ ಎಂಬತ್ತು ದಾಟಿ, ರಕ್ತದೊತ್ತಡ ಸಾಕಷ್ಟು ಏರುವವರೆಗೆ ಕೊಡಬೇಕು. ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದು ಹೇಗೆ? ನರ್ಸು ಕಂಕುಳಿಗೆ ಕೈಯಿಟ್ಟು ನೋಡುತ್ತಾಳೆ, ಬೆವರು ಆರಿದೆಯೇ ಎಂದು. ಸ್ಟೆತೊಸ್ಕೋಪನ್ನು ಎದೆಯ ಮೇಲಿಟ್ಟ ಹಾಗೆಯೇ ಹೊಟ್ಟೆಯ ಮೇಲೂ ಇಡುತ್ತಾಳೆ. ಕರುಳಿನ ಸದ್ದು ಪೂರ್ತಿ ನಿಂತುಹೋಗಿ, ಮೈ ಬಿಸಿಯೇರಿ, ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯುವವನಂತೆ ಕೈಯಾಡಿಸುತ್ತಿದ್ದರೆ ಔಷಧ ಹೆಚ್ಚಾಗಿದೆ ಎಂದು ಅರ್ಥ. ಕಡಿಮೆಯಾದರೆ ಕಫದಿಂದ ಅಪಾಯ, ಹೆಚ್ಚಾದರೆ ಔಷಧದಿಂದ ಅಪಾಯ. ಇವೆರಡರ ನಡುವಿನ ಕಿರಿದಾದ ಜಾಗದಲ್ಲಿ ರೋಗಿಯನ್ನು ಗಂಟೆಗಟ್ಟಲೆ ಹಿಡಿದಿಡುವುದು, ಹದಿನೈದು ನಿಮಿಷಕ್ಕೊಮ್ಮೆ ನೋಡಿ ಚಾರ್ಟಿನಲ್ಲಿ ಬರೆಯುವ ಆ ಕೈ.

ಇಲ್ಲಿಗೆ ಗಂಡಾಂತರ ಕಳೆಯಿತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ರೋಗಿ ಕಣ್ಣು ಬಿಟ್ಟಿದ್ದಾನೆ, ಮಾತಾಡುತ್ತಿದ್ದಾನೆ. ಆದರೆ ವಿಷ ಸೇವಿಸಿ ಒಂದರಿಂದ ನಾಲ್ಕು ದಿನಗಳೊಳಗೆ ಕೆಲವರಿಗೆ ಎರಡನೆಯ ಪೆಟ್ಟು ಬೀಳುತ್ತದೆ. ಕುತ್ತಿಗೆ, ಭುಜ, ಉಸಿರಾಟದ ಸ್ನಾಯುಗಳು ಸದ್ದಿಲ್ಲದೆ ಸೋಲುತ್ತವೆ. ಇದನ್ನು 1987ರಲ್ಲಿ ಪ್ರತ್ಯೇಕ ತೊಂದರೆಯೆಂದು ವಿವರಿಸಿ ಬರೆದವರು ಶ್ರೀಲಂಕಾದ ವೈದ್ಯರಾದ ಸೇನಾನಾಯಕೆ ಮತ್ತು ಕರಲ್ಲಿಯೆದ್ದೆ. ನಮ್ಮಂತೆಯೇ ಹೊಲಗದ್ದೆಯ, ಕೀಟನಾಶಕದ ಊರುಗಳನ್ನು ಕಂಡವರು. ಈ ಪೆಟ್ಟನ್ನು ಮುಂಚೆಯೇ ಹಿಡಿಯಲು ದುಬಾರಿ ಯಂತ್ರವೇನೂ ಬೇಡ. ಪಾಳಿಯಲ್ಲಿರುವ ನರ್ಸು ಆಗಾಗ ಬಂದು, 'ಅಣ್ಣ, ದಿಂಬಿನಿಂದ ತಲೆ ಸ್ವಲ್ಪ ಎತ್ತಿ ನೋಡೋಣ' ಅಂದರೆ ಸಾಕು. ಬೆಳಿಗ್ಗೆ ಎತ್ತಿದವನಿಗೆ ಸಂಜೆ ಎತ್ತಲಾಗದಿದ್ದರೆ ಅವಳು ಆ ಕ್ಷಣವೇ ವೈದ್ಯರನ್ನು ಕರೆಯುತ್ತಾಳೆ. ಮಾನಿಟರಿನಲ್ಲಿ ಆಮ್ಲಜನಕದ ಅಂಕಿ ಆಗಲೂ 97 ಅಂತಲೇ ತೋರಿಸುತ್ತಿರಬಹುದು. ಯಂತ್ರದ ಗಂಟೆ ಹೊಡೆಯುವುದು ಅಪಾಯ ಬಂದಮೇಲೆ. ಅದು ಬರುವ ಮುನ್ನ ಗೊತ್ತಾಗಬೇಕಾದರೆ ಪಕ್ಕದಲ್ಲಿ ಮನುಷ್ಯರಿರಬೇಕು.

ಹಾವಿನ ಮಾತೂ ಹೀಗೆಯೇ. ಹೆಗ್ಗಡದೇವನಕೋಟೆ, ನಂಜನಗೂಡು, ಗುಂಡ್ಲುಪೇಟೆ ಕಡೆಯ ರೈತರಿಗೆ ಹಾವು ಕಚ್ಚುವುದು ದೂರದ ಸುದ್ದಿಯಲ್ಲ. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ, ಶುದ್ಧವಾದ ಗಾಜಿನ ಕೊಳವೆಗೆ ಹಾಕಿ, ಅಲುಗಿಸದೆ ಇಪ್ಪತ್ತು ನಿಮಿಷ ಬಿಟ್ಟು, ಆಮೇಲೆ ಓರೆ ಮಾಡಿ ನೋಡಬೇಕು. ಹರಿದರೆ ವಿಷ ಏರಿದೆ. ಆ ಇಪ್ಪತ್ತು ನಿಮಿಷಕ್ಕೆ ಗಡಿಯಾರ ನೋಡುವವರು ನರ್ಸು. ವಿಷ ಇಳಿಸುವ ಸೀರಂ ಹಾಕಿದಾಗ ಕೆಲವರಿಗೆ ಅದೇ ಒಗ್ಗದೆ ಮೈಯೆಲ್ಲ ದದ್ದು ಎದ್ದು, ರಕ್ತದೊತ್ತಡ ಕುಸಿಯಬಹುದು. ಆದ್ದರಿಂದ ಮೊದಲ ಹನಿಗಳು ಇಳಿಯುವಾಗ ಅಡ್ರಿನಲಿನ್ ಸಿರಿಂಜ್ ತುಂಬಿಟ್ಟುಕೊಂಡು ಹಾಸಿಗೆ ಬಿಟ್ಟು ಕದಲದೆ ನಿಲ್ಲಬೇಕು.

ಕಟ್ಟುಹಾವು ಇನ್ನೊಂದು ಬಗೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವೂ ಇಲ್ಲ, ಊತವೂ ಇಲ್ಲ. ಬೆಳಗಿನ ಜಾವಕ್ಕೆ ರೆಪ್ಪೆ ಜೋತುಬೀಳುತ್ತದೆ, ನಾಲಿಗೆ ತೊದಲುತ್ತದೆ, ಉಸಿರು ಸೋಲುತ್ತದೆ. ವೆಂಟಿಲೇಟರಿಗೆ ಹಾಕಿದ ಆ ರೋಗಿ ನೋಡುವವರಿಗೆ ಪ್ರಜ್ಞೆ ತಪ್ಪಿದಂತೆ ಕಾಣುತ್ತಾನೆ. ನಿಜದಲ್ಲಿ ಅವನಿಗೆ ಪೂರ್ತಿ ಎಚ್ಚರವಿರಬಹುದು. ರೆಪ್ಪೆ ಎತ್ತಲಾರ, ಬೆರಳು ಅಲುಗಿಸಲಾರ, ಆದರೆ ಎಲ್ಲವೂ ಕೇಳಿಸುತ್ತಿರುತ್ತದೆ. 'ಇವನದ್ದು ಕಷ್ಟ' ಎಂದು ಯಾರೋ ತಲೆಯ ಬಳಿ ನಿಂತು ಅಂದದ್ದೂ ಕೇಳಿಸುತ್ತದೆ. ಹಾಗಾಗಿ ನಾವು ವಿದ್ಯಾರ್ಥಿಗಳಿಗೆ ಕಲಿಸುವ ಮೊದಲ ಪಾಠ ರೋಗಿಯ ಹೆಸರು ಹಿಡಿದು ಮಾತಾಡಿಸುವುದು. 'ಸಿದ್ದಣ್ಣ, ನಾನು ಸಿಸ್ಟರ್. ಈಗ ಬೆಳಿಗ್ಗೆ ಎಂಟು ಗಂಟೆ. ನೀವು ಮೈಸೂರಿನ ಆಸ್ಪತ್ರೆಯಲ್ಲಿದ್ದೀರಿ. ವಿಷ ಇಳಿದ ಮೇಲೆ ಕೈಕಾಲು ಮತ್ತೆ ಬರುತ್ತವೆ. ಈಗ ಬಾಯಿಂದ ಕಫ ತೆಗೀತೀನಿ, ಸ್ವಲ್ಪ ಕೆಮ್ಮು ಬರುತ್ತೆ.' ಉತ್ತರ ಬಾರದಿದ್ದರೂ ಹೇಳಬೇಕು.

ವೆಂಟಿಲೇಟರ್ ಎಂದರೆ ಜೀವ ಉಳಿಸುವ ಯಂತ್ರ ಎಂದು ಕೆಲವರು ನಂಬಿಸುತ್ತಾರೆ, ಒಮ್ಮೆ ಹಾಕಿದರೆ ಮುಗಿಯಿತು ಎಂದು ಕೆಲವರು ಹೆದರಿಸುತ್ತಾರೆ. ಎರಡೂ ಅರ್ಧ ಸತ್ಯ. ಅದು ಗಾಳಿ ಒತ್ತಿ ಕೊಡುತ್ತದೆ, ಅಷ್ಟೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿ ಉಸಿರಾಟ ಸೋತವರು ಸಾಲಾಗಿ ಆಸ್ಪತ್ರೆಗೆ ಬಂದರು. ಆಗಿದ್ದ ಯಂತ್ರಗಳು ಸಾಲದೆ, ಮೊದಲ ವಾರಗಳಲ್ಲಿ ಉಸಿರಾಟ ಸೋತು ಬಂದ 31 ರೋಗಿಗಳಲ್ಲಿ 27 ಮಂದಿ ಸತ್ತರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಗಂಟಲಿಗೆ ಕೊಳವೆ ಇಳಿಸಿ, ರಬ್ಬರ್ ಚೀಲವನ್ನು ಕೈಯಲ್ಲಿ ಹಿಸುಕಿ ಉಸಿರು ಕೊಡಿಸಿದರು. ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು ಹಗಲೂ ರಾತ್ರಿ ಚೀಲ ಹಿಸುಕಿದರು. ಸಾವಿನ ಪ್ರಮಾಣ ಅರ್ಧಕ್ಕೂ ಕೆಳಗೆ ಇಳಿಯಿತು. ಇವತ್ತಿನ ಐಸಿಯು ಹುಟ್ಟಿದ್ದು ಅಲ್ಲಿ. ಒಬ್ಬ ರೋಗಿಯ ಪಕ್ಕದಲ್ಲಿ ಎಡೆಬಿಡದೆ ಒಬ್ಬರು ಇರಬೇಕು ಎಂಬ ಏರ್ಪಾಟೇ ಅದರ ಬೇರು. ಯಂತ್ರ ಸುಧಾರಿಸಿದ್ದು ಆಮೇಲೆ.

ಯಂತ್ರಕ್ಕೆ ಜೋಡಿಸಿದ ಮೇಲೆ ನರ್ಸಿನ ಕೆಲಸ ಕಡಿಮೆಯಾಗುತ್ತದೆಂದು ಕೆಲವರ ಎಣಿಕೆ. ಆಗುವುದು ಹೆಚ್ಚು. ಹಾಸಿಗೆಯ ತಲೆಭಾಗ 30ರಿಂದ 45 ಡಿಗ್ರಿ ಎತ್ತಿರಬೇಕು, ಇಲ್ಲದಿದ್ದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಬರುತ್ತದೆ. ಅದೇ ಕಾರಣಕ್ಕೆ ಹೊತ್ತುಹೊತ್ತಿಗೆ ಹಲ್ಲು, ಬಾಯಿ ಉಜ್ಜಬೇಕು. ಗಂಟಲಿನ ಕೊಳವೆಯ ಸುತ್ತ ಉಬ್ಬಿದ ಪುಟ್ಟ ಬಲೂನಿನ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟೇ ಇರಬೇಕು. ಕಡಿಮೆಯಾದರೆ ಜೊಲ್ಲು ಒಳಗೆ ಸೋರುತ್ತದೆ, ಹೆಚ್ಚಾದರೆ ಶ್ವಾಸನಾಳ ಹುಣ್ಣಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗಂಟೆಗೊಮ್ಮೆ ಮೂತ್ರದ ಅಳತೆ ಬರೆಯಬೇಕು; ಅರವತ್ತು ಕಿಲೋ ತೂಕದವರಿಗೆ ಗಂಟೆಗೆ ಮೂವತ್ತು ಮಿಲಿಲೀಟರಿಗಿಂತ ಕಡಿಮೆಯಾದರೆ ಕಿಡ್ನಿ ತೊಂದರೆಯ ಮುನ್ಸೂಚನೆ. ಕಫ ತೆಗೆಯುವ ಕೊಳವೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಒಳಗಿರಬಾರದು, ಏಕೆಂದರೆ ಅದು ಕಫದ ಜೊತೆ ಗಾಳಿಯನ್ನೂ ಎಳೆಯುತ್ತದೆ. ಹೊಸಬರಿಗೆ ನಾವು ಹೇಳಿಕೊಡುವ ಉಪಾಯವೊಂದಿದೆ: ಸಕ್ಷನ್ ಶುರುಮಾಡುವಾಗ ನೀವೂ ಉಸಿರು ಬಿಗಿಹಿಡಿಯಿರಿ, ನಿಮಗೆ ಉಸಿರು ಬೇಕೆನಿಸಿದಾಗ ಕೊಳವೆ ಹೊರಗೆ ಬಂದಿರಲಿ.

ಇನ್ನೊಂದು ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ನಂಜೇರಿ ರಕ್ತದೊತ್ತಡ ಕುಸಿದವರಿಗೆ ನಾರ್‌ಅಡ್ರಿನಲಿನ್ ಎಂಬ ಔಷಧವನ್ನು ಪಂಪಿನಲ್ಲಿ ಹನಿಹನಿಯಾಗಿ ಬಿಡುತ್ತಾರೆ. ರಕ್ತದಲ್ಲಿ ಅದು ನಿಲ್ಲುವುದು ಒಂದೆರಡು ನಿಮಿಷ. ಸಿರಿಂಜ್ ಖಾಲಿಯಾದ ಮೇಲೆ ಹೊಸದನ್ನು ತುಂಬಲು ಹೊರಟರೆ ಅಷ್ಟರಲ್ಲಿ ಒತ್ತಡ ನೆಲ ಕಚ್ಚಿರುತ್ತದೆ. ಆದ್ದರಿಂದ ಮೊದಲ ಸಿರಿಂಜ್ ಮುಗಿಯುವ ಮೊದಲೇ ಪಕ್ಕದಲ್ಲಿ ಎರಡನೆಯ ಪಂಪ್ ಸಿದ್ಧವಾಗಿರಬೇಕು. ಅದನ್ನು ಏರಿಸುತ್ತ ಇದನ್ನು ಇಳಿಸುತ್ತ, ಕಣ್ಣು ಮಾನಿಟರಿನ ಮೇಲಿಟ್ಟು ಬದಲಾಯಿಸಬೇಕು. ಸರಿಯಾಗಿ ಮಾಡಿದರೆ ಮಾನಿಟರಿನಲ್ಲಿ ಏನೂ ಕಾಣಿಸುವುದಿಲ್ಲ. ಏನೂ ಆಗದಂತೆ ನೋಡಿಕೊಂಡದ್ದೇ ಕೆಲಸ.

ಇದೆಲ್ಲ ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾವನ್ನೋ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗನ್ನೋ ಮುಗಿಸಿದೊಡನೆ ಕೈಗೆ ಬರುವುದಿಲ್ಲ. ಪಳಗಬೇಕು. ಭಾರತೀಯ ನರ್ಸಿಂಗ್ ಪರಿಷತ್ತು ತೀವ್ರ ನಿಗಾ ಘಟಕಗಳಿಗೆಂದೇ 'ನರ್ಸ್ ಪ್ರಾಕ್ಟೀಷನರ್' ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸನ್ನು 2016-17ರ ಹೊತ್ತಿಗೆ ತಂದಿದೆ. ಪಾಠಕ್ಕಿಂತ ಹಾಸಿಗೆಯ ಪಕ್ಕದ ಕೆಲಸವೇ ಅದರಲ್ಲಿ ಹೆಚ್ಚು. ಒಳ್ಳೆಯ ಹೆಜ್ಜೆ. ಆದರೆ ಕಲಿತು ಬಂದವರಿಗೆ ತಕ್ಕ ಹುದ್ದೆ, ತಕ್ಕ ಸಂಬಳ ಇಲ್ಲದಿದ್ದರೆ ಅವರು ದುಬೈಗೋ ಲಂಡನ್ನಿಗೋ ವಿಮಾನ ಹತ್ತುತ್ತಾರೆ. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಐಸಿಯುನಲ್ಲಿ ಐದು ವರ್ಷ ಪಳಗಿದವರನ್ನು ಇದ್ದಕ್ಕಿದ್ದಂತೆ ಹೊರರೋಗಿ ವಿಭಾಗಕ್ಕೆ ಹಾಕಿ, ಆ ಜಾಗಕ್ಕೆ ನಿನ್ನೆ ಸೇರಿದವರನ್ನು ಕಳಿಸುವ ಪರಿಪಾಠವೂ ನಿಲ್ಲಬೇಕು.

ಈಗ ಆ ಮೂರನೆಯ ಲೆಕ್ಕ. ವೆಂಟಿಲೇಟರ್ ಮೇಲಿರುವ ರೋಗಿಗೆ ಪಾಳಿಗೊಬ್ಬ ನರ್ಸು ಎನ್ನುವುದು ಸಾಮಾನ್ಯವಾಗಿ ಶಿಫಾರಸು ಮಾಡುವ ಅಳತೆ. ದಿನಕ್ಕೆ ಮೂರು ಪಾಳಿ, ವಾರಕ್ಕೆ 21. ಒಬ್ಬರು ವಾರಕ್ಕೆ ಆರು ಪಾಳಿ ದುಡಿದರೆ ಮೂರೂವರೆ ಜನ ಬೇಕು. ರಜೆ, ಕಾಯಿಲೆ, ಹೆರಿಗೆ, ತರಬೇತಿಗೆಂದು ನೂರಕ್ಕೆ ಮೂವತ್ತರಷ್ಟು ಸೇರಿಸಿದರೆ ಒಂದು ವೆಂಟಿಲೇಟರಿಗೆ ನಾಲ್ಕೂವರೆ ಜನ. ಹತ್ತು ವೆಂಟಿಲೇಟರಿಗೆ 45. ಇಷ್ಟು ಜನರಿಲ್ಲದ ಕಡೆ ಒಬ್ಬ ಸಿಸ್ಟರೋ ಬ್ರದರೋ ಮೂವರನ್ನು ನೋಡಿಕೊಳ್ಳುತ್ತಾರೆ. ಒಬ್ಬರ ಸಿರಿಂಜ್ ಬದಲಿಸುವಾಗ ಇನ್ನೊಬ್ಬರ ಕಫ ಗೊರಗುಡುತ್ತಿರುತ್ತದೆ. ಮೂರನೆಯವರನ್ನು 'ತಲೆ ಎತ್ತಿ' ಎಂದು ಕೇಳಲು ಪುರುಸೊತ್ತಿರುವುದಿಲ್ಲ. ಇದರ ಬೆಲೆ ಎಷ್ಟೆಂದು ಅಳೆದು ನೋಡಿದವರಿದ್ದಾರೆ. ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಸಂಗಡಿಗರು ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ, ಶಸ್ತ್ರಚಿಕಿತ್ಸೆಯಾದ ನಾಲ್ಕು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿ 2014ರಲ್ಲಿ ಪ್ರಕಟಿಸಿದರು: ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ತಿಂಗಳೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಏರುತ್ತದೆ. ಅದು ಸಾಮಾನ್ಯ ಶಸ್ತ್ರಚಿಕಿತ್ಸೆಯ ರೋಗಿಗಳ ಮಾತು. ವೆಂಟಿಲೇಟರ್ ಮೇಲಿರುವವರಿಗೆ ಆ ಅಂತರ ಇನ್ನೂ ಸೂಕ್ಷ್ಮ.

ಕೊನೆಯದಾಗಿ, ಐಸಿಯು ಬಾಗಿಲ ಹೊರಗೆ ಚಾಪೆ ಹಾಸಿ ಕಾಯುವವರಿಗೆ ನಾಲ್ಕು ಮಾತು. 'ಸಿಸ್ಟರ್, ನಮ್ಮ ಹೈದ ಕಣ್ಬುಟ್ನಾ?' ಎಂದು ನೀವು ಕೇಳುವುದು ನಮಗೆ ಬೇಸರವಲ್ಲ. ಕೇಳಿ. ಆದರೆ ವಿಷ ಕುಡಿದವರನ್ನು ಕರೆತರುವಾಗ ಡಬ್ಬಿಯನ್ನೂ ತನ್ನಿ. ಮಾನ ಹೋಗುತ್ತದೆಂದು ಮುಚ್ಚಿಡಬೇಡಿ. ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ, ನಾಟಿ ಔಷಧಿಗೆ ಸುತ್ತಾಡಬೇಡಿ. ಕಚ್ಚಿದ ಹೊತ್ತು ನೆನಪಿಟ್ಟು ನೇರ ಆಸ್ಪತ್ರೆಗೆ ಬನ್ನಿ. ನಂಜುಂಡೇಶ್ವರನ ವಿಭೂತಿಯನ್ನು ಹಣೆಗೆ ಹಚ್ಚಿ, ಯಾರೂ ಬೇಡವೆನ್ನುವುದಿಲ್ಲ. ತೀರ್ಥವನ್ನು, ಎಳನೀರನ್ನು ಮಾತ್ರ ಕದ್ದು ಬಾಯಿಗೆ ಬಿಡಬೇಡಿ. ನುಂಗಲಾಗದವರ ಬಾಯಿಗೆ ಬಿದ್ದ ಒಂದು ಚಮಚ ನೀರು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಒಳಗೆ ಬಿಟ್ಟಾಗ ಕೈ ತೊಳೆದು ಬನ್ನಿ, ಅಳುವುದನ್ನು ಹೊರಗೇ ಮುಗಿಸಿ, ಹಾಸಿಗೆಯ ಬಳಿ ಮನೆಯ ಸುದ್ದಿ ಹೇಳಿ. ಹಸು ಕರು ಹಾಕಿದ್ದು, ಮಗಳ ಪರೀಕ್ಷೆ ಮುಗಿದದ್ದು ಹೇಳಿ. ದಿನ, ಹೊತ್ತು ತಿಳಿಯದೆ ಗಲಿಬಿಲಿಗೊಂಡ ರೋಗಿಗೆ ಅದು ದಾರಿ ತೋರುತ್ತದೆ.

ಮುಂದಿನ ಸಲ ನಿಮ್ಮೂರಿನ ಆಸ್ಪತ್ರೆಗೆ ಹತ್ತು ವೆಂಟಿಲೇಟರ್ ಬಂದವೆಂದು ಶಾಸಕರೋ ದಾನಿಗಳೋ ಸಭೆಯಲ್ಲಿ ಹೇಳಿದರೆ ಚಪ್ಪಾಳೆ ತಟ್ಟಿ. ತಟ್ಟಿದ ಮೇಲೆ ಎದ್ದು ನಿಂತು ಒಂದು ಪ್ರಶ್ನೆ ಕೇಳಿ: ಪಳಗಿದ ನಲವತ್ತೈದು ನರ್ಸುಗಳು ಎಂದು ಬರುತ್ತಾರೆ? ಉತ್ತರ ಸಿಗುವವರೆಗೆ ಕೂರಬೇಡಿ.